ಕೈಯಿಂದ ಕಲಿಯುವ ಗಣಕ ವಿಜ್ಞಾನ



ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನಕ್ಕೆ ನೀವು ಹೋಗಿರಬಹುದು. ಹೋಗಿರದಿದ್ದರೂ ದಾಸೋಹವೆಂದರೇನೆಂದು ನಿಮಗೆ ಗೊತ್ತು. ಬಂದವರಿಗೆಲ್ಲ ಊಟ, ಒಂದು ಪಂಕ್ತಿ ಎದ್ದ ಮೇಲೆ ಇನ್ನೊಂದು ಪಂಕ್ತಿ. ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಪಂಕ್ತಿಯಲ್ಲಿ 60 ಜನ ಕೂರುತ್ತಾರೆ ಎಂದು ಇಟ್ಟುಕೊಳ್ಳಿ. ಊಟಕ್ಕೆ 601 ಜನ ಬಂದಿದ್ದಾರೆ. ಎಷ್ಟು ಪಂಕ್ತಿ ಆಗಬೇಕು?

ಹನ್ನೊಂದು ಎಂದು ನೀವು ತಟ್ಟನೆ ಹೇಳುತ್ತೀರಿ. ಹತ್ತು ಪಂಕ್ತಿಯಲ್ಲಿ 600 ಜನ ಉಂಡರು, ಉಳಿದ ಒಬ್ಬರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲಾಗದು, ಅವರಿಗಾಗಿ ಹನ್ನೊಂದನೆಯ ಪಂಕ್ತಿ. ಇದೇ ಲೆಕ್ಕವನ್ನು ಗಣಕಯಂತ್ರಕ್ಕೆ ಕೊಡಿ. ಸಿ ಭಾಷೆಯಲ್ಲಿ 'ಪಂಕ್ತಿ = ಜನ / 60' ಎಂದು ಬರೆದು ಜನ 601 ಎಂದು ತುಂಬಿದರೆ ಪರದೆಯ ಮೇಲೆ 10 ಎಂದು ಬರುತ್ತದೆ. ಯಂತ್ರ ತಪ್ಪು ಮಾಡಿಲ್ಲ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಅದು ಬಿಟ್ಟುಬಿಡುತ್ತದೆ, ಅದು ಆ ಭಾಷೆಯ ನಿಯಮ. ಒಬ್ಬ ಮನುಷ್ಯ ಹಸಿದು ಉಳಿದದ್ದು ಯಂತ್ರಕ್ಕೆ ತಿಳಿಯುವುದಿಲ್ಲ. ಅದನ್ನು ತಿಳಿಸಬೇಕಾದವರು ನೀವು.

ಈ 10ಕ್ಕೂ 11ಕ್ಕೂ ನಡುವಿನ ಅಂತರವನ್ನು ಪಾಠದ ಕೊಠಡಿಯಲ್ಲಿ ಹೇಳಿಕೊಡಬಹುದು. ಆದರೆ ನಿಮ್ಮ ಕೈಯಾರೆ ಕೀಲಿ ಒತ್ತಿ, ತಪ್ಪು ಉತ್ತರವನ್ನು ಕಣ್ಣಾರೆ ಕಂಡು, ಅದು ಏಕೆ ಬಂತೆಂದು ತಲೆ ಕೆರೆದುಕೊಂಡಾಗ ಮಾತ್ರ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಪ್ರಯೋಗಾಲಯ ಇರುವುದೇ ಅದಕ್ಕಾಗಿ. ಕಾಲೇಜಿನ ಮೊದಲ ವರ್ಷದ ಗಣಕ ಪ್ರಯೋಗಾಲಯದಲ್ಲಿ ನಿಜಕ್ಕೂ ಏನು ನಡೆಯುತ್ತದೆ, ಏನು ನಡೆಯಬೇಕು, ಅದರಲ್ಲಿ ನಿಮ್ಮ ಪಾಲೇನು, ಇದೇ ಈ ಪುಟಗಳ ವಿಷಯ.

ಕಾಯಕದ ನೆಲ, ಕಲಿಕೆಯ ನೆಲ

ಶರಣಬಸವೇಶ್ವರರ ಕಾಲ 1746ರಿಂದ 1822. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಅವರು ಒಕ್ಕಲುತನ ಮಾಡಿದವರು. ಹೊಲದಲ್ಲಿ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೂ ನೀರಿಟ್ಟರೆಂಬ ಕಥೆಯನ್ನು ಈ ಭಾಗದ ಮಕ್ಕಳೆಲ್ಲ ಕೇಳಿ ಬೆಳೆದಿದ್ದಾರೆ. ದುಡಿಮೆಯೂ ದಾಸೋಹವೂ ಬೇರೆಬೇರೆ ಅಲ್ಲವೆಂಬ ಶರಣರ ನಂಬಿಕೆಯನ್ನು ಅವರು ಬಾಳಿ ತೋರಿಸಿದರು.

ಅನ್ನದ ದಾಸೋಹ ಮುಂದೆ ಅಕ್ಷರದ ದಾಸೋಹವೂ ಆಯಿತು. ಗುಲ್ಬರ್ಗ ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ದಿನಗಳಲ್ಲಿ, 1934ರಲ್ಲಿ, ಈ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳ ಶಾಲೆಯೊಂದಿಗೆ ವಿದ್ಯಾಕೆಲಸ ಆರಂಭಿಸಿದರು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು ಈ ಊರಿಗೆ ಬಂತು. ಅದು ಇಂದಿಗೂ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರನ್ನೇ ಹೊತ್ತಿದೆ. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ, 2009ರಲ್ಲಿ ಸ್ಥಾಪನೆಯಾಗಿ ಈಗ ಆಳಂದ ರಸ್ತೆಯ ಕಡಗಂಚಿ ಬಳಿ ಇರುವ ಕೇಂದ್ರೀಯ ವಿಶ್ವವಿದ್ಯಾಲಯ, 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯ. ಹೀಗೆ ಒಂದು ಊರಿನ ಸುತ್ತ ಇಷ್ಟೊಂದು ಪ್ರಯೋಗಾಲಯಗಳು ಬೆಳೆದವು. ಜೇವರ್ಗಿ, ಆಳಂದ, ಸೇಡಂ, ಚಿಂಚೋಳಿ, ಕಮಲಾಪುರದ ಹಳ್ಳಿಗಳಿಂದ ಬರುವ ಎಷ್ಟೋ ಹುಡುಗ ಹುಡುಗಿಯರು ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಕಾಲೇಜಿನ ಲ್ಯಾಬಿನಲ್ಲಿ ಕುಳಿತಾಗಲೇ ಕಂಪ್ಯೂಟರಿನ ಕೀಲಿಮಣೆಯನ್ನು ಮೊದಲ ಬಾರಿ ಮುಟ್ಟುವವರೂ ಅವರಲ್ಲಿದ್ದಾರೆ. ಅಂಥವರಿಗೆ ವಾರಕ್ಕೆ ಎರಡು ಮೂರು ಗಂಟೆಯ ಲ್ಯಾಬ್ ಪಠ್ಯದ ಒಂದು ಭಾಗವಷ್ಟೇ ಅಲ್ಲ, ಯಂತ್ರದೊಡನೆ ಅವರಿಗಿರುವ ಒಂದೇ ಒಡನಾಟ. ಆ ಗಂಟೆಗಳು ಪೋಲಾದರೆ ಮನೆಯಲ್ಲಿ ಸರಿಪಡಿಸಿಕೊಳ್ಳಲು ಅವರಿಗೆ ಅವಕಾಶವಿಲ್ಲ.

ಕ್ಯಾಮೆರಾ ತೋರಿಸಿದ್ದು

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ನಮ್ಮ ತಂಡ ಚಿತ್ರೀಕರಣ ನಡೆಸಿತು. ಅಚ್ಚುಕಟ್ಟಾದ ಕೊಠಡಿ, ಸಾಲಾಗಿ ಯಂತ್ರಗಳು, ಶಿಸ್ತಾಗಿ ಕುಳಿತ ವಿದ್ಯಾರ್ಥಿಗಳು. ಚಿತ್ರ ಚೆನ್ನಾಗಿ ಬಂತೆಂದುಕೊಂಡು ಮರಳಿದೆವು. ಸಂಕಲನಕ್ಕೆ ಕುಳಿತಾಗ ನನಗೆ ಕೀಲಿಮಣೆಯ ಮೇಲೆ ಬೆರಳಾಡುವ ಹತ್ತಿರದ ದೃಶ್ಯಗಳು ಬೇಕಾಗಿದ್ದವು. ಒಂದೊಂದೇ ದೃಶ್ಯ ನೋಡುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದು ಯಂತ್ರಕ್ಕೆ ಮೂವರು ಕುಳಿತಿದ್ದರು. ಆದರೆ ಎಲ್ಲ ದೃಶ್ಯಗಳಲ್ಲೂ ಕೀಲಿಮಣೆಯ ಮೇಲಿದ್ದದ್ದು ಒಬ್ಬರದೇ ಕೈ. ಎರಡನೆಯವರು ಪರದೆ ನೋಡುತ್ತಿದ್ದರು. ಮೂರನೆಯ ಹುಡುಗಿ ತಲೆ ಬಗ್ಗಿಸಿ ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡುತ್ತಿದ್ದಳು. ಮುಂದಿನ ಯಂತ್ರದಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ.

ಚಿತ್ರೀಕರಣದ ದಿನ ಅವರಲ್ಲೊಬ್ಬಳು ಹೇಳಿದ ಮಾತು ಧ್ವನಿಮುದ್ರಣದಲ್ಲಿ ಉಳಿದಿತ್ತು: "ಪ್ರೋಗ್ರಾಂ ಎಲ್ಲಾ ಬಾಯಿಪಾಠ ಅದರೀ. ಖರೇ ಹೇಳ್ಬೇಕಂದ್ರ ಒಮ್ಮಿನೂ ನಾ ಓಡಿಸಿ ನೋಡಿಲ್ಲರೀ." ಅಂದು ನಾವು ನಕ್ಕು ಮುಂದೆ ಹೋಗಿದ್ದೆವು. ಸಂಕಲನದ ಕೊಠಡಿಯಲ್ಲಿ ಅದನ್ನೇ ಮತ್ತೆ ಕೇಳಿದಾಗ ನಗು ಬರಲಿಲ್ಲ. ಆ ಹುಡುಗಿಯ ರೆಕಾರ್ಡ್ ಪುಸ್ತಕ ಪೂರ್ತಿಯಾಗಿತ್ತು, ಅಕ್ಷರ ಮುತ್ತಿನಂತಿತ್ತು. ಪರೀಕ್ಷೆಯಲ್ಲಿ ಚೀಟಿ ಎತ್ತಿ ಬಂದ ಪ್ರೋಗ್ರಾಮನ್ನು ಬಾಯಿಪಾಠದಿಂದ ಬರೆದು ಪಾಸಾಗಲೂಬಹುದು. ಆದರೆ ಕೋರ್ಸಿನ ಕೊನೆಯಲ್ಲಿ 601ಕ್ಕೆ 10 ಏಕೆ ಬಂತೆಂದು ಕೇಳಿದರೆ ಅವಳು ಏನು ಹೇಳಿಯಾಳು?

ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ಯಾರೂ ನೋಡಿಯೇ ಕಲಿತಿಲ್ಲ. ಹಿಟ್ಟಿಗೆ ಬಿಸಿನೀರು ಎಷ್ಟು, ನಾದುವುದು ಎಷ್ಟು ಹೊತ್ತು, ಅಂಚು ಒಡೆಯದಂತೆ ತಟ್ಟುವುದು ಹೇಗೆ, ಇದೆಲ್ಲ ಕೈಗೆ ತಿಳಿಯಬೇಕು. ಮೊದಲ ಹತ್ತು ರೊಟ್ಟಿ ಹರಿಯುತ್ತವೆ. ಹರಿದ ರೊಟ್ಟಿಯೇ ಪಾಠ. ಪ್ರೋಗ್ರಾಂ ಬರೆಯುವುದೂ ಹಾಗೆಯೇ.

ತೊಡಕು ಎಲ್ಲ ಕಡೆಯೂ ಇದೆ

ಇದು ನಮ್ಮ ಭಾಗದ ಮಕ್ಕಳ ಕೊರತೆ ಎಂದು ಭಾವಿಸಬೇಡಿ. 2001ರಲ್ಲಿ ಅಮೆರಿಕದ ಮೈಕೆಲ್ ಮೆಕ್ರಾಕೆನ್ ಅವರ ನೇತೃತ್ವದಲ್ಲಿ ಹಲವು ದೇಶಗಳ ಅಧ್ಯಾಪಕರು ಒಂದು ಅಧ್ಯಯನ ನಡೆಸಿದರು. ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಗಣಕ ವಿಜ್ಞಾನದ ಆರಂಭದ ಕೋರ್ಸುಗಳನ್ನು ಓದಿದ 216 ವಿದ್ಯಾರ್ಥಿಗಳಿಗೆ ಪ್ರೋಗ್ರಾಂ ಬರೆಯುವ ಪರೀಕ್ಷೆ ಕೊಟ್ಟರು. 110 ಅಂಕಗಳಿಗೆ ಸರಾಸರಿ ಬಂದದ್ದು 22.89. ಪಾಠ ಹೇಳಿದವರೇ ಬೆಚ್ಚಿಬಿದ್ದರು.

ಏಕೆ ಹೀಗೆ? 2004ರಲ್ಲಿ ಆಸ್ಟ್ರೇಲಿಯಾದ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಏಳು ದೇಶಗಳ ವಿದ್ಯಾರ್ಥಿಗಳಿಗೆ ಬೇರೆ ಬಗೆಯ ಪ್ರಶ್ನೆ ಕೇಳಿದರು. ಪ್ರೋಗ್ರಾಂ ಬರೆಯಿರಿ ಎನ್ನಲಿಲ್ಲ. ಸಣ್ಣ ಪ್ರೋಗ್ರಾಮೊಂದನ್ನು ಕೊಟ್ಟು, ಇದನ್ನು ಓಡಿಸಿದರೆ ಏನು ಬರುತ್ತದೆಂದು ಹೇಳಿ ಎಂದರು. ಅನೇಕರಿಗೆ ಅದೂ ಕಷ್ಟವಾಯಿತು. ಅಂದರೆ ಬರೆಯಲು ಬಾರದಿರುವುದಕ್ಕೆ ಒಂದು ಕಾರಣ, ಓದಲು ಬಾರದಿರುವುದು. ಅಕ್ಷರ ಓದಲು ಬಾರದವರಿಗೆ ಪ್ರಬಂಧ ಬರೆಯಿರಿ ಎಂದಂತೆ ನಾವು ಮೊದಲ ದಿನವೇ ಪ್ರೋಗ್ರಾಂ ಬರೆಯಿರಿ ಎನ್ನುತ್ತಿದ್ದೇವೆ.

ನೀವೇ ಪರೀಕ್ಷಿಸಿಕೊಳ್ಳಿ. ಅ ಎಂಬ ಚರದಲ್ಲಿ 5, ಬ ಎಂಬ ಚರದಲ್ಲಿ 8 ಇದೆ. ಎರಡು ಸಾಲಿನ ಆಜ್ಞೆ:

ಅ = ಬ
ಬ = ಅ

ಇದು ಮುಗಿದ ಮೇಲೆ ಯಾವುದರಲ್ಲಿ ಏನಿರುತ್ತದೆ? ಬೆಲೆಗಳು ಅದಲುಬದಲಾದವು ಎಂದು ಅನೇಕರು ಹೇಳುತ್ತಾರೆ. ಕಾಗದದ ಮೇಲೆ ಎರಡು ಚೌಕ ಬರೆದು ಸಾಲುಸಾಲಾಗಿ ನಡೆಯಿರಿ. ಮೊದಲ ಸಾಲಿನ ನಂತರ ಅ ಚೌಕದಲ್ಲಿ 8, ಬ ಚೌಕದಲ್ಲೂ 8. ಮೊದಲಿನ 5 ಅಳಿಸಿಹೋಯಿತು. ಎರಡನೆಯ ಸಾಲು ಆ 8ನ್ನೇ ಮತ್ತೆ ಬ ಚೌಕಕ್ಕೆ ಹಾಕುತ್ತದೆ. ಎರಡರಲ್ಲೂ 8. ಒಂದು ತಂಬಿಗೆಯ ಹಾಲನ್ನೂ ಇನ್ನೊಂದರ ನೀರನ್ನೂ ಅದಲುಬದಲು ಮಾಡಲು ಮೂರನೆಯ ತಂಬಿಗೆ ಬೇಕಲ್ಲವೇ? ಇಲ್ಲಿಯೂ ಮೂರನೆಯ ಚರ ಬೇಕು. ಆದರೆ ಒಂದು ವ್ಯತ್ಯಾಸ ನೆನಪಿಡಿ. ಹಾಲು ಸುರಿದರೆ ಮೊದಲ ತಂಬಿಗೆ ಬರಿದಾಗುತ್ತದೆ, ಚರದ ಬೆಲೆಯನ್ನು ಬೇರೆಡೆ ಹಾಕಿದರೆ ಮೊದಲಿನದು ಬರಿದಾಗುವುದಿಲ್ಲ, ಅದರ ಪ್ರತಿ ಮಾತ್ರ ಹೋಗುತ್ತದೆ. ಹೀಗೆ ಸಾಲುಸಾಲಾಗಿ ಚೌಕ ತುಂಬಿಸುವುದಕ್ಕೆ ಕಂಪ್ಯೂಟರ್ ಬೇಕಿಲ್ಲ, ಪೆನ್ಸಿಲ್ ಸಾಕು. ಲ್ಯಾಬಿಗೆ ಹೋಗುವ ಹಿಂದಿನ ರಾತ್ರಿ ಹತ್ತು ನಿಮಿಷ ಇದಕ್ಕೆ ಕೊಡಿ.

ಐದು ಹೆಜ್ಜೆಗಳು

ಇಂಗ್ಲೆಂಡಿನ ಸೂ ಸೆಂಟನ್ಸ್ ಮತ್ತು ಸಂಗಡಿಗರು ಪ್ರಯೋಗದ ತರಗತಿಯನ್ನು ಐದು ಹೆಜ್ಜೆಗಳಲ್ಲಿ ನಡೆಸುವ ಕ್ರಮವೊಂದನ್ನು ರೂಪಿಸಿದ್ದಾರೆ. ಊಹಿಸು, ಓಡಿಸು, ಶೋಧಿಸು, ಬದಲಿಸು, ರಚಿಸು. ನಮ್ಮ ದಾಸೋಹದ ಲೆಕ್ಕವನ್ನೇ ಈ ಹೆಜ್ಜೆಗಳಲ್ಲಿ ನಡೆಸಿ ನೋಡೋಣ.

ಮೊದಲನೆಯದು ಊಹೆ. 'ಪಂಕ್ತಿ = ಜನ / 60' ಎಂಬ ಸಿದ್ಧ ಪ್ರೋಗ್ರಾಮನ್ನು ಅಧ್ಯಾಪಕರು ಕೊಡುತ್ತಾರೆ. ಜನ 601 ಆದರೆ ಏನು ಬರುತ್ತದೆಂದು ಓಡಿಸುವ ಮೊದಲೇ ಪುಸ್ತಕದಲ್ಲಿ ಬರೆಯಿರಿ. ಬಾಯಲ್ಲಿ ಹೇಳಿದರೆ ಸಾಲದು, ಬರೆಯಲೇಬೇಕು. ಬರೆಯದ ಊಹೆ ಉತ್ತರ ಕಂಡ ಮೇಲೆ ಜಾರಿಕೊಳ್ಳುತ್ತದೆ.

ಎರಡನೆಯದು ಓಡಿಸುವುದು. 10 ಬಂತು. ನಿಮ್ಮ ಊಹೆ 11 ಆಗಿದ್ದರೆ ಈಗ ನಿಮಗೊಂದು ಪ್ರಶ್ನೆ ಹುಟ್ಟಿತು. ಈ ಪ್ರಶ್ನೆ ಅಧ್ಯಾಪಕರದಲ್ಲ, ನಿಮ್ಮದು.

ಮೂರನೆಯದು ಶೋಧ. 59 ಕೊಡಿ, 0 ಬರುತ್ತದೆ. 60 ಕೊಡಿ, 1 ಬರುತ್ತದೆ. 61 ಕೊಡಿ, ಆಗಲೂ 1. ಹೀಗೆ ನಾಲ್ಕಾರು ಸಂಖ್ಯೆ ಕೊಟ್ಟಾಗ ನಿಯಮ ತಾನೇ ಹೊರಬೀಳುತ್ತದೆ.

ನಾಲ್ಕನೆಯದು ಬದಲಾವಣೆ. ಒಬ್ಬರು ಹೇಳುತ್ತಾರೆ: ಒಂದು ಸೇರಿಸಿಬಿಡೋಣ, 'ಜನ / 60 + 1'. 601ಕ್ಕೆ 11 ಬಂತು, ಎಲ್ಲರಿಗೂ ಖುಷಿ. ಇಲ್ಲಿಯೇ ನಿಲ್ಲಬಾರದು. 600 ಕೊಟ್ಟು ನೋಡಿ. 11 ಎನ್ನುತ್ತದೆ. ಬೇಕಾದ್ದು 10. ಒಬ್ಬರೂ ಕೂರದ ಪಂಕ್ತಿಗೆ ಎಲೆ ಹಾಕಿದಂತಾಯಿತು. 0 ಕೊಟ್ಟರೆ 1 ಎನ್ನುತ್ತದೆ, ಯಾರೂ ಬರದ ದಿನವೂ ಒಂದು ಪಂಕ್ತಿ! ಆದ್ದರಿಂದ ಇನ್ನೊಂದು ದಾರಿ, '(ಜನ + 59) / 60'. 601ಕ್ಕೆ 660ನ್ನು 60ರಿಂದ ಭಾಗಿಸಿ 11. 600ಕ್ಕೆ 659ನ್ನು ಭಾಗಿಸಿ 10. 1ಕ್ಕೆ 1, 0ಗೆ 0. ಸರಿಹೋಯಿತು. ಮೂರನೆಯ ದಾರಿಯೂ ಇದೆ. 60ರಿಂದ ಭಾಗಿಸು, ಶೇಷ ಉಳಿದರೆ ಮಾತ್ರ ಒಂದು ಸೇರಿಸು.

ಐದನೆಯದು ರಚನೆ. ಈಗ ನಿಮ್ಮದೇ ಪ್ರೋಗ್ರಾಂ ಬರೆಯಿರಿ. ಬಸ್ಸಿನಲ್ಲಿ ಇಷ್ಟು ಸೀಟು, ಪ್ರವಾಸಕ್ಕೆ ಇಷ್ಟು ಮಕ್ಕಳು, ಎಷ್ಟು ಬಸ್ಸು? ತೊಗರಿ ಇಷ್ಟು ಕಿಲೋ, ಒಂದು ಚೀಲಕ್ಕೆ ಇಷ್ಟು ಹಿಡಿಯುತ್ತದೆ, ಎಷ್ಟು ಚೀಲ? ಲೆಕ್ಕ ಅದೇ, ಹೊಲ ಬೇರೆ.

ಗಮನಿಸಿ, ಈ ಐದು ಹೆಜ್ಜೆಗಳಲ್ಲಿ ಖಾಲಿ ಪರದೆಯ ಮುಂದೆ ಕುಳಿತು ಕಂಗಾಲಾಗುವ ಗಳಿಗೆ ಕೊನೆಗೆ ಬರುತ್ತದೆ, ಅಷ್ಟರಲ್ಲಿ ನೀವು ಸಿದ್ಧರಾಗಿರುತ್ತೀರಿ. ಇನ್ನೂ ಒಂದು ಉಪಾಯವಿದೆ. ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಚೀಟಿಗಳಾಗಿ ಕತ್ತರಿಸಿ ಕಲಸಿ, ಮತ್ತೆ ಜೋಡಿಸಲು ಹೇಳುವುದು. 2006ರಲ್ಲಿ ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರಿಷಿಯಾ ಹೇಡನ್ ಇದನ್ನು ಪ್ರಕಟಿಸಿದರು. ಅರ್ಧವಿರಾಮ ಬಿಟ್ಟುಹೋಯಿತೆಂಬ ಕಿರಿಕಿರಿ ಇಲ್ಲದೆ ತರ್ಕದ ಮೇಲೆಯೇ ಗಮನವಿಡಲು ಇದು ಒಳ್ಳೆಯ ಅಭ್ಯಾಸ.

ಜಾತ್ರೆಯ ದಿನ ಏನಾಗುತ್ತದೆ?

ನನ್ನ ಬಿ.ಎಸ್ಸಿ. ದಿನಗಳಲ್ಲಿ ಲ್ಯಾಬಿನಲ್ಲಿ ಇದ್ದದ್ದು ಟರ್ಬೊ ಸಿ, ನೀಲಿ ಪರದೆಯ ಹಳೆಯ ಕಂಪೈಲರ್. ಬೋರ್ಲ್ಯಾಂಡ್ ಸಂಸ್ಥೆ 1987ರಲ್ಲಿ ಅದನ್ನು ಹೊರತಂದಿತು. ಪ್ರಪಂಚ ಅದನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ನಮ್ಮ ಕಾಲೇಜುಗಳಲ್ಲಿ ಅದು ಉಳಿದುಕೊಂಡಿತು. ಅದರಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಸಿಗುವ ಜಾಗ 16 ಬಿಟ್ ಮಾತ್ರ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767.

ಹೋಳಿ ಹುಣ್ಣಿಮೆ ಕಳೆದ ಮೇಲೆ ಶರಣಬಸವೇಶ್ವರರ ರಥೋತ್ಸವ ನಡೆಯುತ್ತದೆ. ಅಂದಿನ ಜನಸಾಗರಕ್ಕೆ ನಮ್ಮ ಪಂಕ್ತಿಯ ಲೆಕ್ಕ ಹಾಕೋಣ. ಜನ 32767 ಎಂದು ಕೊಡಿ. '(ಜನ + 59) / 60' ಎಂಬ ನಮ್ಮ ಸರಿಯಾದ ಪ್ರೋಗ್ರಾಂ ಟರ್ಬೊ ಸಿಯಲ್ಲಿ ಕೊಡುವ ಉತ್ತರ ಋಣ 545! ಸೊನ್ನೆಗಿಂತಲೂ ಕಡಿಮೆ ಪಂಕ್ತಿ! 59 ಸೇರಿಸಿದಾಗ ಮೊತ್ತ 32826 ಆಗಬೇಕು, ಆದರೆ ಅಷ್ಟು ಜಾಗವಿಲ್ಲ. ಸೈಕಲ್ಲಿನ ಮೀಟರು 9999 ದಾಟಿ 0000ಕ್ಕೆ ತಿರುಗುವ ಹಾಗೆ ಇಲ್ಲಿ ಸಂಖ್ಯೆ ಋಣದ ತುದಿಗೆ ತಿರುಗಿ ಋಣ 32710 ಆಗುತ್ತದೆ. ಅದನ್ನು 60ರಿಂದ ಭಾಗಿಸಿದರೆ ಋಣ 545.

ಕೆಲವು ನಿಮಿಷಗಳ ಹಿಂದೆ ಸರಿ ಎಂದುಕೊಂಡಿದ್ದ ಪ್ರೋಗ್ರಾಂ ಇದು. ಶೇಷ ನೋಡುವ ಮೂರನೆಯ ದಾರಿ ಮಾತ್ರ ಇದೇ ಸಂಖ್ಯೆಗೆ ಸರಿಯಾಗಿ 547 ಎನ್ನುತ್ತದೆ. ಏಕೆಂದರೆ ಅದು ಭಾಗಿಸುವ ಮೊದಲು ಏನನ್ನೂ ಕೂಡಿಸುವುದಿಲ್ಲ. ಇಂದಿನ ಸಾಮಾನ್ಯ ಕಂಪೈಲರುಗಳಲ್ಲಿ ಪೂರ್ಣಾಂಕಕ್ಕೆ 32 ಬಿಟ್ ಜಾಗವಿದೆ, ಮಿತಿ 2147483647. ಮಿತಿ ದೂರ ಹೋಯಿತೇ ಹೊರತು ಇಲ್ಲವಾಗಲಿಲ್ಲ. ಅದನ್ನು ಮೀರಿದರೆ ಏನು ಬರುತ್ತದೆಂಬ ಭರವಸೆಯನ್ನು ಸಿ ಭಾಷೆ ಕೊಡುವುದಿಲ್ಲ.

ಬಾಯಿಪಾಠ ಮಾಡಿದ ಪ್ರೋಗ್ರಾಮಿನಲ್ಲಿ ಈ ಅಚ್ಚರಿ ಯಾರಿಗೂ ಸಿಗುವುದಿಲ್ಲ. ಆದ್ದರಿಂದ ಲ್ಯಾಬಿನಲ್ಲಿ ಪ್ರೋಗ್ರಾಂ ಒಮ್ಮೆ ಸರಿಯಾಗಿ ಓಡಿತೆಂದ ಕೂಡಲೇ ರೆಕಾರ್ಡ್ ಬರೆಯಲು ಕೂರಬೇಡಿ. ಸೊನ್ನೆ, ಒಂದು, ಗಡಿಯ ಸಂಖ್ಯೆ, ಗಡಿಯ ಆಚೆ ಈಚೆಯ ಸಂಖ್ಯೆ, ತೀರ ದೊಡ್ಡ ಸಂಖ್ಯೆ, ಇಷ್ಟನ್ನಾದರೂ ಕೊಟ್ಟು ಅದನ್ನು ಕೆಡಿಸಲು ನೋಡಿ. ಕೆಡದೆ ನಿಂತರೆ ಆಗ ನಂಬಿ.

ಒಂದು ಯಂತ್ರ, ಇಬ್ಬರ ಕೈ

ಯಂತ್ರಗಳು ಕಡಿಮೆ, ವಿದ್ಯಾರ್ಥಿಗಳು ಹೆಚ್ಚು ಎಂಬ ಮಾತು ನಿಜ. ಆದರೆ ಇಬ್ಬರು ಒಂದು ಯಂತ್ರಕ್ಕೆ ಕೂರುವುದು ಕೊರತೆಯಾಗಲೇಬೇಕಿಲ್ಲ. ಅಮೆರಿಕದ ಲಾರಿ ವಿಲಿಯಮ್ಸ್ ಮುಂತಾದವರು 2000ದ ನಂತರದ ವರ್ಷಗಳಲ್ಲಿ ಆರಂಭದ ಕೋರ್ಸುಗಳಲ್ಲಿ ಜೋಡಿ ಕೆಲಸವನ್ನು ಪ್ರಯೋಗಿಸಿ ನೋಡಿದರು. ಜೋಡಿಯಾಗಿ ಕೆಲಸ ಮಾಡಿದವರು ಕೋರ್ಸನ್ನು ನಡುವೆ ಬಿಡದೆ ಪೂರ್ತಿ ಮಾಡುವುದು ಹೆಚ್ಚೆಂದು ಇಂಥ ಅಧ್ಯಯನಗಳು ತೋರಿಸಿದವು.

ಆದರೆ ಅದಕ್ಕೊಂದು ಕಟ್ಟಳೆ ಇದೆ. ಒಬ್ಬರು ಕೀಲಿಮಣೆ ಹಿಡಿಯುತ್ತಾರೆ. ಇನ್ನೊಬ್ಬರು ಸುಮ್ಮನೆ ನೋಡುವುದಿಲ್ಲ. ಮುಂದಿನ ಸಾಲು ಏನು, ತಪ್ಪು ಎಲ್ಲಿ ಎಂದು ಬಾಯಿಬಿಟ್ಟು ಹೇಳುತ್ತಾರೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲಾಗಲೇಬೇಕು. ಗಡಿಯಾರ ನೋಡಿ ಅಧ್ಯಾಪಕರೇ ಬದಲಿಸಿ ಎಂದು ಹೇಳಿದರೆ ಇನ್ನೂ ಒಳ್ಳೆಯದು. ಏಕೆಂದರೆ ಬಲ್ಲವರ ಕೈಯಿಂದ ಕೀಲಿಮಣೆ ತಾನಾಗಿ ಬಿಡುಗಡೆಯಾಗುವುದಿಲ್ಲ, ಹಿಂಜರಿಯುವವರು ತಾವಾಗಿ ಕೇಳುವುದೂ ಇಲ್ಲ. ಮೂವರು ಕೂರಬೇಕಾದ ಕಡೆ ಮೂರನೆಯವರಿಗೆ ಪರೀಕ್ಷಕರ ಕೆಲಸ ಕೊಡಿ. ಯಾವ ಸಂಖ್ಯೆ ಕೊಟ್ಟರೆ ಈ ಪ್ರೋಗ್ರಾಂ ಕೆಡುತ್ತದೆಂದು ಅವರು ಹುಡುಕಲಿ. ರೆಕಾರ್ಡ್ ನಕಲು ಮಾಡುತ್ತಿದ್ದ ಆ ಹುಡುಗಿಗೆ ಈ ಒಂದು ಕೆಲಸ ಸಿಕ್ಕಿದ್ದರೆ ಅವಳ ಎರಡು ಗಂಟೆ ಬೇರೆಯಾಗಿರುತ್ತಿತ್ತು.

ತಪ್ಪನ್ನು ಅಂಟಿಸಿದ ಪುಸ್ತಕ

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಗಣಕದ ರಿಲೇಯೊಂದರಲ್ಲಿ ಪತಂಗವೊಂದು ಸಿಕ್ಕಿಬಿದ್ದಿತ್ತು. ಗ್ರೇಸ್ ಹಾಪರ್ ಕೆಲಸ ಮಾಡುತ್ತಿದ್ದ ಆ ತಂಡ ಪತಂಗವನ್ನು ತೆಗೆದು ದಿನಚರಿಯ ಪುಸ್ತಕಕ್ಕೆ ಅಂಟಿಸಿತು. ದೋಷಕ್ಕೆ 'ಬಗ್' ಎನ್ನುವ ಮಾತು ಅದಕ್ಕೂ ಮೊದಲೇ ಎಂಜಿನಿಯರುಗಳಲ್ಲಿ ಬಳಕೆಯಲ್ಲಿತ್ತು. ಆ ಪುಸ್ತಕ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ನಮ್ಮ ರೆಕಾರ್ಡ್ ಪುಸ್ತಕಗಳನ್ನು ಇದರೊಡನೆ ಹೋಲಿಸಿ ನೋಡಿ. ಅವುಗಳಲ್ಲಿ ಒಂದೇ ಒಂದು ತಪ್ಪೂ ಇರುವುದಿಲ್ಲ. ಎಲ್ಲ ಪ್ರೋಗ್ರಾಂ ಸರಿ, ಎಲ್ಲ ಉತ್ತರ ಸರಿ. ಆದರೆ ಕಲಿಕೆ ನಡೆದದ್ದು ತಪ್ಪುಗಳಲ್ಲಿ. ಕಂಪೈಲರ್ ತಪ್ಪಿನ ಪಟ್ಟಿ ಕೊಟ್ಟಾಗ ಗಾಬರಿಯಾಗಬೇಡಿ. ಮೊದಲ ತಪ್ಪನ್ನು ಮಾತ್ರ ಓದಿ, ಅದು ಹೇಳುವ ಸಾಲನ್ನೂ ಅದರ ಹಿಂದಿನ ಸಾಲನ್ನೂ ನೋಡಿ, ಸರಿಪಡಿಸಿ ಮತ್ತೆ ಓಡಿಸಿ. ಒಂದು ಅರ್ಧವಿರಾಮ ಸೇರಿಸಿದರೆ ಉಳಿದ ಐದಾರು ತಪ್ಪುಗಳು ತಾವೇ ಮಾಯವಾಗುವುದುಂಟು. ಒಂದು ಪುಟ್ಟ ನೋಟ್ ಪುಸ್ತಕ ಇಟ್ಟುಕೊಳ್ಳಿ. ಏನು ಮಾಡಹೊರಟೆ, ಏನಾಯಿತು, ಏಕಾಯಿತು, ಹೇಗೆ ಸರಿಯಾಯಿತು, ತಪ್ಪಿಗೆ ನಾಲ್ಕು ಸಾಲು. ವರ್ಷದ ಕೊನೆಗೆ ನಿಮ್ಮ ಬಳಿ ಇರುವ ಅತ್ಯಂತ ಬೆಲೆಯುಳ್ಳ ಪಠ್ಯಪುಸ್ತಕ ಅದೇ ಆಗಿರುತ್ತದೆ. ಸಾಧ್ಯವಿರುವ ಕಡೆ ಅಧ್ಯಾಪಕರು ಇಂಥ ಪುಟಗಳಿಗೂ ಅಂಕ ಕೊಡಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಬಾಯಿಪಾಠದ ಪ್ರೋಗ್ರಾಮಿನ ಬದಲು, ದೋಷವಿರುವ ಪ್ರೋಗ್ರಾಂ ಕೊಟ್ಟು ಸರಿಪಡಿಸಿ ಎಂದು ಕೇಳಲಿ. ಪರೀಕ್ಷೆ ಬದಲಾದರೆ ಲ್ಯಾಬ್ ತಾನಾಗಿ ಬದಲಾಗುತ್ತದೆ.

ಪರದೆ ಏನು ಕೊಡಬಲ್ಲದು, ಏನು ಕೊಡಲಾರದು

ದೂರದರ್ಶನದಲ್ಲಿರುವ ನಾನೇ ಇದನ್ನು ಹೇಳಬೇಕು. 1975ರ ಆಗಸ್ಟ್ 1ರಂದು ಆರಂಭವಾದ ಉಪಗ್ರಹ ಬೋಧನೆಯ ಸೈಟ್ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಿದ ಹಳ್ಳಿಗಳು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳವು. ರಾಜ್ಯದ ಉಳಿದ ಭಾಗಗಳಿಗಿಂತ ಮೊದಲೇ ಈ ನೆಲ ಟಿ.ವಿ. ಪಾಠ ಕಂಡಿತು. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಉಪಗ್ರಹದ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ಉಪನ್ಯಾಸಗಳನ್ನು ಕಳಿಸಿತು. ಒಳ್ಳೆಯ ಅಧ್ಯಾಪಕರ ಮಾತು ದೂರದ ಊರಿಗೂ ತಲುಪಿತು. ಆದರೆ ಪರದೆ ಮಾತನ್ನು ಮುಟ್ಟಿಸಬಲ್ಲದು, ನಿಮ್ಮ ಬೆರಳನ್ನು ಕೀಲಿಯ ಮೇಲೆ ಇಡಲಾರದು.

ಈ ಮಿತಿಯನ್ನು ಅರಿತು ಮಾಡಿದ ಕೆಲಸವೊಂದು ಮುಂಬಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್. ಹತ್ತು ನಿಮಿಷದ ಆಸುಪಾಸಿನ ಸಣ್ಣ ಪಾಠಗಳು, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಧ್ವನಿ. ಅರ್ಧ ಪರದೆಯಲ್ಲಿ ಪಾಠ, ಇನ್ನರ್ಧದಲ್ಲಿ ನಿಮ್ಮ ಕೆಲಸ. ಅವರು ಒಂದು ಹೆಜ್ಜೆ ಇಟ್ಟಾಗ ಪಾಠ ನಿಲ್ಲಿಸಿ ನೀವೂ ಒಂದು ಹೆಜ್ಜೆ ಇಡಬೇಕು. ಸಿ ಭಾಷೆಯ ಪದಗಳು ಇಂಗ್ಲಿಷಿನವು, ನಿಜ. ಆದರೆ ಶೇಷ ಎಲ್ಲಿ ಹೋಯಿತು ಎಂಬ ವಿಚಾರ ಕನ್ನಡದಲ್ಲೇ ನಡೆಯಬಹುದು. ಲ್ಯಾಬಿನಲ್ಲಿ ನಿಮ್ಮ ಜೊತೆಗಾರರಿಗೆ ನಿಮ್ಮ ಮಾತಿನಲ್ಲಿಯೇ ವಿವರಿಸಿ. ವಿವರಿಸಲು ಹೋದಾಗಲೇ ನಿಮಗೆ ತಿಳಿಯದ್ದು ಯಾವುದೆಂದು ತಿಳಿಯುತ್ತದೆ.

ಇನ್ನೊಂದು ಮಾತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದರೆ ಪ್ರೋಗ್ರಾಂ ಬರೆದುಕೊಡುವ ಯಂತ್ರಗಳು ಎಲ್ಲರ ಕೈಗೂ ಸಿಕ್ಕಿವೆ. ಹಾಗಾದರೆ ನಾವೇಕೆ ಕಲಿಯಬೇಕೆಂದು ನೀವು ಕೇಳಬಹುದು. ಯಂತ್ರ ಬರೆದುಕೊಟ್ಟ ಪ್ರೋಗ್ರಾಂ 601ಕ್ಕೆ ಸರಿಯಾಗಿ, 600ಕ್ಕೆ ತಪ್ಪಾಗಿ ಓಡಿದರೆ ಅದನ್ನು ಹಿಡಿಯುವವರು ಯಾರು? ಬಾಯಿಪಾಠದ ಪ್ರೋಗ್ರಾಮಿಗೆ ಬೆಲೆ ಹೋಯಿತು. ಓದಿ, ಅನುಮಾನಿಸಿ, ಪರೀಕ್ಷಿಸಬಲ್ಲವರಿಗೆ ಬೆಲೆ ಹೆಚ್ಚಿತು. ರೆಕಾರ್ಡ್ ಪೂರ್ತಿಯಾಗಿಯೂ ಕೈ ಪಳಗದವರು ಮೊದಲು ಪೆಟ್ಟು ತಿನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಕೀಲಿಮಣೆಯ ಸರದಿಯೇ ಸಿಗದ ಹಳ್ಳಿಯ ಮಕ್ಕಳು ಆಗದಿರಲಿ ಎಂಬುದೇ ನನ್ನ ಕಳವಳ.

ನಾಳೆ ನೀವು ಮಾಡಬೇಕಾದ್ದು

ಮುಂದಿನ ಲ್ಯಾಬಿಗೆ ಹೋಗುವಾಗ ಮೂರು ಸಂಗತಿ ನೆನಪಿಡಿ. ಪ್ರೋಗ್ರಾಮನ್ನು ಹಿಂದಿನ ರಾತ್ರಿಯೇ ಕಾಗದದ ಮೇಲೆ ಚೌಕ ಬರೆದು ಓಡಿಸಿ ನೋಡಿ. ಲ್ಯಾಬಿನಲ್ಲಿ ಓಡಿಸುವ ಮೊದಲು ಊಹೆ ಬರೆಯಿರಿ. ಕೀಲಿಮಣೆ ನಿಮ್ಮ ಕೈಗೆ ಬಾರದಿದ್ದರೆ "ಈಗ ನನ್ನ ಪಾಳಿ" ಎಂದು ಕೇಳಿ ಪಡೆಯಿರಿ, ನಿಮ್ಮ ಕೈಯಲ್ಲೇ ಉಳಿದಿದ್ದರೆ ಪಕ್ಕದವರಿಗೆ ಬಿಟ್ಟುಕೊಡಿ. ದಾಸೋಹದ ಪಂಕ್ತಿಯಲ್ಲಿ ಉಂಡವರು ಎದ್ದು ಮುಂದಿನವರಿಗೆ ಜಾಗ ಬಿಡುತ್ತಾರೆ. ಲ್ಯಾಬಿನಲ್ಲಿಯೂ ಅದೇ ರೀತಿ ನಡೆಯಲಿ.

ಕೊನೆಗೊಂದು ಅಭ್ಯಾಸ. ಎರಡು ಸಭಾಂಗಣಗಳಿವೆ. ಒಂದರ ಪಂಕ್ತಿಯಲ್ಲಿ 60 ಜನ, ಇನ್ನೊಂದರ ಪಂಕ್ತಿಯಲ್ಲಿ 45 ಜನ. ಎರಡರಲ್ಲೂ ಊಟ ಒಟ್ಟಿಗೇ ಆರಂಭವಾಗುತ್ತದೆ, ಪ್ರತಿ ಪಂಕ್ತಿಗೂ ಅರ್ಧ ಗಂಟೆ. ಬಂದವರ ಸಂಖ್ಯೆ ಕೊಟ್ಟರೆ ಕೊನೆಯವರು ಉಂಡು ಏಳಲು ಎಷ್ಟು ಹೊತ್ತಾಗುತ್ತದೆಂದು ಹೇಳುವ ಪ್ರೋಗ್ರಾಂ ಬರೆಯಿರಿ. 0, 1, 105, 106 ಈ ನಾಲ್ಕು ಸಂಖ್ಯೆಗಳನ್ನು ತಪ್ಪದೆ ಕೊಟ್ಟು ನೋಡಿ. ಉತ್ತರವನ್ನು ನಾನು ಇಲ್ಲಿ ಅಚ್ಚು ಮಾಡಿಲ್ಲ. ಅದು ನಿಮ್ಮ ಕೈಯಿಂದಲೇ ಪರದೆಯ ಮೇಲೆ ಮೂಡಲಿ.